ಹುಳದ ಮನೆಯ ಪಕ್ಕದ ಪಿಟೀಲು

ಕಾರ್ತಿಕದ ಆ ಮಧ್ಯಾಹ್ನ ಪಕ್ಕದ ಮನೆಯ ರೇಷ್ಮೆ ಇನ್ಸ್‌ಪೆಕ್ಟ್ರ ಜಗಲಿಯ ಮುಂದೆ ನಾವು ಐದು ಜನ ನಿಂತಿದ್ದೆವು. ಎಲ್ಲರಿಗಿಂತ ಮುಂದೆ ಊರುಗೋಲು ಹಿಡಿದ ನಮ್ಮ ದೊಡ್ಡಪ್ಪ. ಅವರ ಹಿಂದೆ ಬಿದಿರಿನ ತಟ್ಟೆ ಹೊತ್ತ ನಾನು. ತಟ್ಟೆಯ ತುಂಬ ಸತ್ತ ರೇಷ್ಮೆ ಹುಳ. ನನ್ನ ಪಕ್ಕದಲ್ಲಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ನನ್ನ ಹೆಂಡತಿ ಜಯಮ್ಮ. ಜಗಳ ನೋಡುವ ಆಸೆಗೆ ಕೆಲಸ ಬಿಟ್ಟು ಬಂದಿದ್ದ ಎದುರುಮನೆಯ ಅಣ್ಣತಮ್ಮಂದಿರು ಇಬ್ಬರು. ಆರನೆಯವರು ಒಳಗೆ ಕೂತು ಪಿಟೀಲು ನುಡಿಸುತ್ತಿದ್ದರು. ಕದ ಬಡಿದರೂ ನಿಲ್ಲಿಸಲಿಲ್ಲ. ಸರಿಗಮವನ್ನು ಮೇಲಕ್ಕೆ ಹತ್ತಿಸಿ, ಕೆಳಕ್ಕೆ ಇಳಿಸಿ, ಹೊರಟಲ್ಲಿಗೇ ತಂದು ಕೂರಿಸಿದ ಮೇಲೆ ಎದ್ದು ಬಂದರು.

"ಏನು, ಊರಿಗೂರೇ ಬಂದೈತೆ? ಪಾಠ ಕಲಿಯಾಕಾ?"

"ಕಲ್ಸಾಕೆ ಬಂದಿವ್ನಿ," ಅಂದರು ದೊಡ್ಡಪ್ಪ. "ನೋಡಿ ಇನ್ಸ್‌ಪೆಕ್ಟ್ರೇ, ನಮ್ಮುಡುಗನ ಹುಳ ಎಂಗೆ ಮಲಗವೆ ಅಂತ. ನಾಕನೇ ಜ್ವರ ಎದ್ದು ಬಕಬಕನೆ ಮೇಯೋ ಹೊತ್ನಾಗೆ ನೀವು ಗೋಡೆ ಪಕ್ಕ ಕುಂತು ಆ ಮರದ ಡಬ್ಬ ಕುಯ್ದ್ರೆ ಯಾವ ಹುಳ ಉಳಿದಾತು?"

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳವೆಂದರೆ ಗೆದ್ದ ಹಾಗೆ. ಇನ್ನೊಂದು ವಾರ ಸೊಪ್ಪು ಮೇದು ಗೂಡು ಕಟ್ಟುತ್ತದೆ. ಗೆದ್ದ ಹುಳವೇ ನನ್ನ ತಟ್ಟೆಯಲ್ಲಿ ಕಪ್ಪಗೆ ಕೊಳೆತಿತ್ತು.

"ಹುಳಕ್ಕೆ ಕಿವಿ ಇಲ್ಲ ಕಣ್ರೀ," ಅಂದರು ಅವರು.

"ಹುಳಕ್ಕಿಲ್ದಿದ್ರೆ ಹೋಗ್ಲಿ. ನಮಗೈತಲ್ಲ!"

ಎದುರುಮನೆಯವರು ಕಿಸಕ್ಕನೆ ನಕ್ಕರು. ಇನ್ಸ್‌ಪೆಕ್ಟ್ರು ನಗಲಿಲ್ಲ. ಮೆಟ್ಟಿಲಿಳಿದು ಬಂದು ತಟ್ಟೆಯಿಂದ ಒಂದು ಹುಳ ಎತ್ತಿ ಹೆಬ್ಬೆರಳಿನಲ್ಲಿ ಅದುಮಿದರು, ಬೆರಳು ಮೂಸಿದರು. ಮಾತಾಡುತ್ತಿದ್ದವರು ದೊಡ್ಡಪ್ಪ. ಇನ್ಸ್‌ಪೆಕ್ಟ್ರು ನೋಡಿದ್ದು ನನ್ನನ್ನು.

"ಸೊಪ್ಪು ಎಲ್ಲಿದು?"

"ನಮ್ಮ ತೋಟದ್ದೇ."

"ಒದ್ದೆ ಸೊಪ್ಪು ಹಾಕಿದ್ದಾ?"

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಅಂದಳು: "ಒಂದೆಲ್ಡು ದಿನ ಒಸಿ ಒದ್ದೆ ಇತ್ತು ಸಾ. ಇಬ್ಬನಿ."

"ಇಬ್ಬನಿ," ಅಂದರು ಅವರು, ಕಹಿ ಮಾತ್ರೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡವರ ಹಾಗೆ.

ದೊಡ್ಡಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿ ತೀರ್ಪು ಕೊಟ್ಟರು. ಹುಳ ಸಾಕುವ ಊರಿನಲ್ಲಿ ಇದು ನಡೆಯುವುದಿಲ್ಲ, ಊರೊಳಗೆ ಆ ಸದ್ದು ಕೇಳಬಾರದು, ಕೇಳಿದರೆ ಮುಂದಿನ ಬೆಳೆಗೆ ಅವರೇ ಜವಾಬ್ದಾರಿ. ಇನ್ಸ್‌ಪೆಕ್ಟ್ರು ನಮ್ಮ ಐದೂ ಜನರ ಮುಖವನ್ನು ಒಬ್ಬೊಬ್ಬರದಾಗಿ ನೋಡಿ ಒಳಗೆ ಹೋದರು. ಪಿಟೀಲಿನ ಪೆಟ್ಟಿಗೆಗೆ ಎರಡು ಚಿಲಕ. ಟಕ್, ಟಕ್. ಅಷ್ಟೇ ಕೇಳಿಸಿತು.

ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಕ್ಕೆ ಹೊತ್ತುಕೊಂಡು ಹೋಗಲಾರೆ. ಆ ಹುಳ ಕೊಂದವನು ನಾನು. ನೂರು ಮೊಟ್ಟೆಗೆ ಸಾಕಾಗುವಷ್ಟು ಸೊಪ್ಪಿನ ತೋಟ ನನ್ನದು; ಒಂದು ಚಿಟ್ಟೆ ಇಡುವ ಅಷ್ಟನ್ನೂ ಸೇರಿಸಿ ನಮ್ಮಲ್ಲಿ ಒಂದು ಮೊಟ್ಟೆ ಅನ್ನುವುದು ರೂಢಿ. ಆ ಸಲ ಆಸೆಬುರುಕನಾಗಿ ನೂರೈವತ್ತು ಮೊಟ್ಟೆ ತಂದಿದ್ದೆ. ಬೇಡವೆಂದು ಜಯಮ್ಮ ಹೇಳಿದ್ದಳು, ಬೇಡವೆಂದು ದೊಡ್ಡಪ್ಪ ಬೈದಿದ್ದರು. ಹುಳ ದೊಡ್ಡದಾಗುವ ಹೊತ್ತಿಗೆ ಸೊಪ್ಪು ಸಾಲಲಿಲ್ಲ. ಕನಕಪುರದ ದಾರಿಯಲ್ಲಿ ಹೊಸದಾಗಿ ಎದ್ದಿದ್ದ ಜಲ್ಲಿ ಕ್ರಷರ್ ಪಕ್ಕದ ತೋಟದಿಂದ ಯಾರಿಗೂ ಹೇಳದೆ ಕೊಯ್ದು ತಂದೆ. ಎಲೆಯ ಮೇಲೆ ಕಲ್ಲಿನ ಧೂಳು ಹಿಟ್ಟು ಚೆಲ್ಲಿದ ಹಾಗೆ ಕೂತಿತ್ತು. ಕೆರೆಯಲ್ಲಿ ಅದ್ದಿ ತೊಳೆದು, ನೀರು ಸೋರುತ್ತಿದ್ದ ಹಾಗೇ ಮೊಪೆಡ್ಡಿನ ಮೇಲೆ ಹೇರಿಕೊಂಡು ಬಂದೆ. ಯಾಕೆ ಒದ್ದೆ ಎಂದು ಜಯಮ್ಮ ಕೇಳಿದಾಗ ಇಬ್ಬನಿ ಅಂದೆ. ಧೂಳೂ ಹುಳಕ್ಕೆ ವಿಷ, ನೀರೂ ವಿಷ. ಹುಳ ಸಾಕುವವನ ಮನೆಯಲ್ಲಿ ಹುಟ್ಟಿದ ನನಗೆ ಎರಡೂ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲದ ಬದಲು ಪಕ್ಕದ ಮನೆಯ ಪಿಟೀಲು ಸಿಕ್ಕಿತು; ಅದರ ಸದ್ದಿಗೇ ಹುಳ ಸತ್ತವು ಅಂದೆ.

ಬೇರೆ ಯಾರ ಪಿಟೀಲಾಗಿದ್ದರೂ ಅಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದೆನೋ ಇಲ್ಲವೋ. ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಳ್ಳೆಯ ಮನುಷ್ಯ ಎಂದು ಬರೆಯಲು ಈಗಲೂ ಕೈ ಬರುವುದಿಲ್ಲ.

ಅವರ ಹೆಸರನ್ನು ಊರಲ್ಲಿ ಯಾರೂ ಬಳಸಿದವರಲ್ಲ. ರೇಷ್ಮೆ ಇನ್ಸ್‌ಪೆಕ್ಟರ್ ಕೆಲಸದಲ್ಲಿ ಮೂರು ತಾಲ್ಲೂಕಿನ ಹುಳದ ಮನೆಗಳನ್ನು ಸುತ್ತಿ, ಮೂರು ತಾಲ್ಲೂಕಿನಿಂದಲೂ ಬೈಸಿಕೊಂಡು ಬಂದವರು. ನನಗೆ ಹದಿನಾರು ವರ್ಷವಿದ್ದಾಗ ಸ್ಕೂಟರಿನಲ್ಲಿ ನಮ್ಮನೆಗೆ ಬಂದರು. ಹುಳಕ್ಕೆ ಹಾಲುರೋಗ ಹತ್ತಿತ್ತು. ಬಾಗಿಲಲ್ಲಿ ನಿಂತೇ, "ಇದು ಹುಳದ ಮನೆಯೋ ಕೋಳಿಗೂಡೋ?" ಅಂದರು.

"ಇನ್ನೆಲ್ಡು ದಿನ ನೋಡಾನ ಸಾ," ಅಂದರು ನಮ್ಮಪ್ಪ.

"ನೋಡಾಕೆ ಇದೇನು ನಾಟಕಾನ? ಗುಂಡಿ ತೋಡಿ."

ಹದಿನೆಂಟು ತಟ್ಟೆಯನ್ನೂ ನಮ್ಮ ಕೈಯಿಂದಲೇ ಹೊರಿಸಿ ಗುಂಡಿಗೆ ಸುರಿಸಿ ಬೆಂಕಿ ಹಾಕಿಸಿದರು. ಓಣಿಯ ಜನವೆಲ್ಲ ನಿಂತು ನೋಡಿತು. ಹೋಗುವ ಮುಂಚೆ ಅಪ್ಪನ ಬೆಳೆ ಕಾರ್ಡು ಈಸಿಕೊಂಡು ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದರು: ಕೊಳಕು. ಅಪ್ಪ ಸಾಯುವ ತನಕ ಆ ಕಾರ್ಡು ಟ್ರಂಕಿನಲ್ಲಿತ್ತು. ಯಾಕೆ ಇಟ್ಟುಕೊಂಡಿದ್ದರೋ. ಬಿಸಾಡಲು ಆಗದ ಅವಮಾನವೂ ಒಂದು ಆಸ್ತಿಯೇ ಇರಬೇಕು.

ಆಮೇಲೆ ತಿಳಿಯಿತು, ಅವತ್ತು ಸುಡದಿದ್ದರೆ ಓಣಿಯ ಎಲ್ಲ ಮನೆಗಳ ಹುಳವೂ ಹೋಗುತ್ತಿತ್ತು ಎಂದು. ತಿಳಿದರೇನು? ಸತ್ಯ ಹೇಳುವವರಿಗೆ ಒಳ್ಳೆಯ ಬಾಯಿ ಇರಬಾರದೆಂದು ಎಲ್ಲಿಯಾದರೂ ಬರೆದಿದೆಯೇ?

ನಮ್ಮ ಹುಳದ ಮನೆಗಳ ಕಟ್ಟುಪಾಡು ಕಂಡರಂತೂ ಅವರಿಗೆ ಮೈ ಉರಿಯುತ್ತಿತ್ತು. ಹೊರಗಿನವರ ಕಣ್ಣು ಬೀಳಬಾರದು, ಒಗ್ಗರಣೆಯ ಘಾಟು ಬರಬಾರದು, ಗಲಾಟೆ ಆಗಬಾರದು. ಎಲ್ಲಕ್ಕಿಂತ ದೊಡ್ಡದು ಸೂತಕ. ಸಾವಿನ ಮನೆಗೆ ಹೋಗಿ ಬಂದವನು ಮೂರು ದಿನ ಹುಳದ ಮನೆಯ ಹೊಸಿಲು ದಾಟುವ ಹಾಗಿಲ್ಲ. ಹುಳ ದೊಡ್ಡದಾದ ಕಾಲದಲ್ಲಿ ಯಾರಾದರೂ ಸತ್ತರೆ ನಮ್ಮೂರಲ್ಲಿ ಹೊರುವುದಕ್ಕೆ ನಾಲ್ಕು ಹೆಗಲು ಸಿಗುವುದು ಕಷ್ಟ. ಅದಕ್ಕೆ ಅವರದು ಒಂದೇ ಮಂತ್ರ: "ಹುಳಕ್ಕೆ ಸೂತಕ ಇಲ್ಲ ಕಣ್ರೀ, ನಿಮ್ಮ ಕೈಗೆ ಕೊಳೆ ಐತೆ. ಕೈ ತೊಳ್ಕಂಡು ಸೊಪ್ಪು ಹಾಕಿ." ಪ್ರತಿ ಹುಳದ ಮನೆಯ ಬಾಗಿಲಲ್ಲೂ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ಬೇಸಿನ್ ಇಡಿಸಿದವರು ಅವರೇ. ಬೇಸಿನ್ ಇಟ್ಟೆವು. ಸೂತಕವನ್ನೂ ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ಹೆಂಡತಿ ಸರೋಜಕ್ಕನ ತವರಾದ ನಮ್ಮೂರಿಗೇ ಬಂದು ನೆಲೆ ನಿಂತರು. ಗ್ರಹಚಾರಕ್ಕೆ ಅವರ ನಡುಮನೆಗೂ ನಮ್ಮ ಹುಳದ ಮನೆಗೂ ಒಂದೇ ಗೋಡೆ. ಬಂದ ಮೂರನೇ ತಿಂಗಳಿಗೆ ಪಿಟೀಲು ಬಂತು. ಅದು ಎರಡು ಸಾವಿರದ ಇಸವಿಯ ಆಚೀಚಿನ ಕಾಲ. ಬೆಳಗಾದರೆ ಗಾರ್ಮೆಂಟ್ಸ್ ವ್ಯಾನು ಬಂದು ಊರಿನ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು, ಕಬ್ಬಾಳು ಬೆಟ್ಟದ ಈಚೆಗೆ ಹಗಲೆಲ್ಲ ಕಲ್ಲು ಸಿಡಿಸುವ ಸದ್ದು. ಆ ಸದ್ದಿಗೆಲ್ಲ ನಾವು ಹೊಂದಿಕೊಂಡೆವು. ಪಿಟೀಲಿಗೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ.

"ಅರವತ್ತಕ್ಕೆ ಯಾಕೆ ಸಾ ಇದೆಲ್ಲ?" ಎಂದು ಒಂದು ದಿನ ಕೇಳಿದೆ.

"ಯಾಕೆ, ನಿಮ್ಮಪ್ಪನ ಮನೆ ಗಂಟು ಏನಾದ್ರೂ ಹೋಯ್ತದಾ?" ಅಂದರು.

ದಿನಾ ಮಧ್ಯಾಹ್ನ ಮೂರಕ್ಕೆ ಶುರು. ಮೊದಲ ತಿಂಗಳು ಬಾವಿಯ ರಾಟೆ ಎಣ್ಣೆ ಕಾಣದೆ ಅಳುವ ಹಾಗೆ. ಎರಡನೇ ತಿಂಗಳು ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ. ಸರೋಜಕ್ಕ ಕಿವಿಗೆ ಹತ್ತಿ ಇಟ್ಟುಕೊಂಡು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. "ಮೂವತ್ತೈದು ವರ್ಷ ಇವ್ರ ಬಾಯಿ ಕೇಳ್ದೆ ಕಣೇ ಜಯಾ. ಈಗ ಕೈದೂ ಕೇಳು ಅಂತಾರೆ," ಎನ್ನುತ್ತಿದ್ದರು. ಒಂದು ದಿನ ಒಳಗಿನಿಂದ ಇದ್ದಕ್ಕಿದ್ದ ಹಾಗೆ ಕೂಗು ಬಂತು: "ಸರೋಜಾ! ಸಿಕ್ತು! ಸಿಕ್ತು ಕಣೇ!"

"ಏನು, ಕನ್ನಡಕಾನ?" ಸರೋಜಕ್ಕ ಕೂತಲ್ಲಿಂದಲೇ ಕೂಗಿದರು.

"ಮೇಲಿನ ಸ!"

"ಸಿಕ್ಕಿದ್ರೆ ಅಲ್ಲೇ ಮಡಗಿ, ಮತ್ತೆ ಕಳ್ಕಂಡೀರಿ!"

ಗೋಡೆಯಾಚೆ ಅವರು ಒಬ್ಬರೇ ನಗುತ್ತಿದ್ದರು. ಆ ಮನುಷ್ಯನಿಗೆ ನಗು ಇದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಖುಷಿಯಾಗಲಿಲ್ಲ. ನಮ್ಮಪ್ಪನ ಹದಿನೆಂಟು ತಟ್ಟೆ ಸುಟ್ಟವರಿಗೆ ನಗು ಎಲ್ಲಿಂದ ಬಂತು ಎಂದು ಸಿಟ್ಟೇ ಬಂತು.

ಅವರು ಪಾಠಕ್ಕೆ ಹೋಗುತ್ತಿದ್ದದ್ದು ಕನಕಪುರದಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ. ಒಂದು ಶನಿವಾರ ಮಳೆ ಬಂದು ಆ ಮೆಟ್ಟಿಲಲ್ಲಿ ನಿಂತಿದ್ದವನು ಸದ್ದು ಕೇಳಿ ಮೇಲೆ ಹತ್ತಿ ಇಣುಕಿದೆ. ಚಾಪೆಯ ಮೇಲೆ ಎಂಟು ಮಕ್ಕಳು, ಎಲ್ಲ ಏಳೆಂಟು ವರ್ಷದವು. ಅವುಗಳ ಸಾಲಿನಲ್ಲಿ ಇವರು. ಮಂಡಿ ಮಡಚಲು ಬಾರದೆ ಒಂದು ಕಾಲಿನ ಕೆಳಗೆ ದಿಂಬು ಇಟ್ಟುಕೊಂಡು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿಕೊಂಡು ಕೂತಿದ್ದರು. ಟೀಚರಮ್ಮನಿಗೆ ಇಪ್ಪತ್ತೈದು ಇದ್ದರೆ ಹೆಚ್ಚು.

"ಸರ್, ಅದು ಕಮಾನು. ಗರಗಸ ಅಲ್ಲ."

"ಹೌದು ಮೇಡಂ."

"ಇವತ್ತೂ ರಿಷಭ ತಪ್ಪಿದೀರಿ. ಮನೇಲಿ ಬಾರಿಸಿದ್ರಾ, ಸುಳ್ಳು ಹೇಳ್ತಿದೀರಾ?"

"ಬಾರಿಸ್ದೆ ಮೇಡಂ. ತಪ್ಪೇ ಬಾರಿಸ್ದೆ."

ಮಕ್ಕಳು ನಕ್ಕವು. ಮೂರು ತಾಲ್ಲೂಕನ್ನು ನಡುಗಿಸಿದ ಬಾಯಿ 'ಹೌದು ಮೇಡಂ' ಅನ್ನುವುದನ್ನು ನಮ್ಮಪ್ಪ ನೋಡಬೇಕಿತ್ತು.

ವಾಪಸ್ಸು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಸೀಟು ಸಿಕ್ಕಿತು ಅವರಿಗೆ. ಮಾತಾಡಿಸುವ ಮನಸ್ಸು ನನಗಿರಲಿಲ್ಲ. ಅವರೇ ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. ಪುಟ ಪುಟವೂ ಕೆಂಪು ಶಾಯಿ. ತಪ್ಪು. ಮತ್ತೆ. ತಪ್ಪು. ಇನ್ನೂ ಹತ್ತು ಸಲ. ಶ್ರುತಿ ಕೇಳಿ. ತಪ್ಪು.

"ನೋಡ್ದಾ?" ಅಂದರು, ಮೊಮ್ಮಗನ ಮಾರ್ಕ್ಸ್ ಕಾರ್ಡು ತೋರಿಸುವವರ ಹಾಗೆ. "ಮೂವತ್ತೈದು ವರ್ಷ ಕಂಡೋರ ತಪ್ಪು ಬರ್ದೆ ಕಣಯ್ಯ. ನಾನೊಂದು ತಪ್ಪು ಮಾಡಿದ್ರೆ ಒಂದೋಣಿ ಹುಳ ಸಾಯ್ತವೆ ಅಂತ ನಿದ್ದೆಗೆಟ್ಟೆ. ಈಗ ನಂದು ಇನ್ನೊಬ್ರು ಬರೀತಾರೆ. ದಿನಕ್ಕೆ ನೂರು ತಪ್ಪು ಮಾಡ್ತೀನಿ. ಒಂದು ಹುಳಾನೂ ಸಾಯಾಕಿಲ್ಲ! ಮೊದ್ಲಿಂದ ಬಾರ್ಸಿದ್ರಾಯ್ತು. ಇಂಥಾ ಸುಖ ಒಂದೈತೆ ಅಂತ ಒಬ್ಬ ಬಡ್ಡೀಮಗನಾದ್ರೂ ಮೊದ್ಲೇ ಹೇಳ್ಲಿಲ್ಲ ನೋಡು."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮುದುಕನಿಗೆ ಮಾಡಲು ಬೇರೆ ಕೆಲಸವಿಲ್ಲ ಅಂದುಕೊಂಡೆ. ಆದರೆ ಮಾತು ಒಳಗೆ ಉಳಿಯಿತು. ಹೀಗಾಗಿ ನಾಲ್ಕು ತಿಂಗಳ ಮೇಲೆ ಅವರ ಜಗಲಿಯ ಮುಂದೆ ಸತ್ತ ಹುಳದ ತಟ್ಟೆ ಹಿಡಿದು 'ನಮ್ಮ ತೋಟದ್ದೇ' ಎಂದಾಗ, ನಾನು ಅವರಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಜಗಲಿಯ ಮುಂದಿನ ಆ ದಿನದಿಂದಾಚೆಗೆ ಮೂರು ಗಂಟೆಗೆ ಗೋಡೆಯಾಚೆ ಸದ್ದಿಲ್ಲ. ಊರು ನೆಮ್ಮದಿಯಾಯಿತು. ಎದುರುಮನೆಯ ದೊಡ್ಡವನು ಅವರನ್ನು ಕಂಡಾಗಲೆಲ್ಲ ಎಡಗೈ ಚಾಚಿ ಬಲಗೈಯಲ್ಲಿ ಗರಗಸ ಎಳೆಯುವ ಅಣಕ ಮಾಡುತ್ತಿದ್ದ. ಅವರು ಅವನ ಕಡೆ ತಿರುಗಿ ಕೂಡ ನೋಡುತ್ತಿರಲಿಲ್ಲ. ದಿನಾ ಎರಡೂವರೆಗೆ ತಲೆಗೆ ಟವೆಲ್ಲು ಸುತ್ತಿ, ಯೂರಿಯಾ ಚೀಲದಲ್ಲಿ ಏನನ್ನೋ ಹಾಕಿಕೊಂಡು, ಸೈಕಲ್ಲು ಹತ್ತಿ ಕನಕಪುರದ ದಾರಿ ಹಿಡಿಯುತ್ತಿದ್ದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಹದಿನೈದು ದಿನದ ಮೇಲೆ ನಾನು ಕ್ರಷರ್ ಪಕ್ಕದ ತೋಟಕ್ಕೆ ಹೋದೆ. ಹೊಟ್ಟೆಯ ಉರಿಯನ್ನು ಎಲ್ಲಾದರೂ ಕಾರಬೇಕಿತ್ತು. ತೋಟದವನನ್ನು ಬದುವಿನ ಮೇಲೆ ಹಿಡಿದು ನಿಲ್ಲಿಸಿದೆ. ಕ್ರಷರ್ ಕಿವಿ ಹರಿಯುವ ಹಾಗೆ ಅರೆಯುತ್ತಿತ್ತು. ಗಂಟಲು ಹರಿದುಕೊಳ್ಳದೆ ಮಾತು ಕೇಳಿಸುವ ಹಾಗಿರಲಿಲ್ಲ.

"ಧೂಳು ಐತೆ ಅಂತ ಮೊದ್ಲೇ ಯಾಕ್ಲಾ ಹೇಳ್ನಿಲ್ಲ?"

"ನಿನ್ಗೆ ಕಣ್ಣಿರ್ನಿಲ್ವೇನ್ಲಾ?" ಅವನೂ ಅಷ್ಟೇ ಜೋರಾಗಿ ಕಿರುಚಿದ. "ನಾನೇನು ಕರ್ದಿದ್ನಾ? ಕದ್ದು ಬಂದಂಗೆ ಬಂದು ಕೊಯ್ಕಂಡೋದೆ!"

"ನಿನ್ ಸೊಪ್ಪು ತಿಂದೇ ಕಣ್ಲಾ ನನ್ನ ಹುಳ ಸತ್ತಿದ್ದು!"

ಆ ಮಾತಿನ ನಡುವೆಯೇ ಯಾವನೋ ಕ್ರಷರ್ ನಿಲ್ಲಿಸಿದ. 'ನನ್ನ ಹುಳ ಸತ್ತಿದ್ದು' ಎಂಬುದು ನಿಶ್ಶಬ್ದವಾದ ಬಯಲಿನಲ್ಲಿ ಬಂಡೆಗೆ ಬಡಿದು ವಾಪಸ್ಸು ಬಂತು. ಅದರ ಜೊತೆಗೇ ಬದುವಿನಾಚೆ ದೊಡ್ಡ ಕಲ್ಲುಗುಂಡಿನ ಹಿಂದಿನಿಂದ ಪಿಟೀಲಿನ ಒಂದೇ ಒಂದು ಸ್ವರ, ನಿಲ್ಲಿಸುವುದು ತಡವಾದ ಹಾಗೆ, ಎಳೆದುಕೊಂಡು ಬಂದು ನಿಂತಿತು.

ಅವರು ಎದ್ದು ನಿಂತರು. ಕೈಯಲ್ಲಿ ಕಮಾನು. ತಲೆ, ಹುಬ್ಬು, ಕಿವಿಯ ಕೂದಲು ಎಲ್ಲ ಕಲ್ಲಿನ ಧೂಳಿಗೆ ಬೆಳ್ಳಗಾಗಿದ್ದವು. ಊರಲ್ಲಿ ಸದ್ದು ಮಾಡಬಾರದೆಂದು, ತನ್ನ ಸದ್ದು ತನಗೂ ಸರಿಯಾಗಿ ಕೇಳಿಸದ ಜಾಗ ಹುಡುಕಿಕೊಂಡು ಬಂದು ಕೂತಿದ್ದರು. ತೋಟದ ಕಡೆ ನೋಡಿದರು. ಧೂಳು ಹೊತ್ತ ಎಲೆಗಳನ್ನು ನೋಡಿದರು. ಆಮೇಲೆ ನನ್ನನ್ನು.

"ಓಹೋ," ಅಂದರು. "ಇಬ್ಬನಿ ಬೀಳೋದು ಇಲ್ಲಾ?"

"ಸಾ, ನಾನು…"

"ಬಾಯ್ಮುಚ್ಚು. ನಾನು ಯಾರ್ಗೂ ಹೇಳಾಕಿಲ್ಲ. ನಾನು ಹೇಳಿದ್ರೆ ಪಿಟೀಲಿನ ಆಸೆಗೆ ಮುದುಕ ಕತೆ ಕಟ್ತಾವ್ನೆ ಅಂತಾರೆ ನಿಮ್ಮೋರು. ನೀನೇ ಹೇಳ್ಬೇಕು. ಎಲ್ರ ಮುಂದೆ."

"ಹೇಳ್ತೀನಿ ಸಾ."

"ಯಾವಾಗ?"

ಕ್ರಷರ್ ಮತ್ತೆ ಶುರುವಾಯಿತು. ಅವರು ಗುಂಡಿನ ಹಿಂದೆ ಹೋಗಿ ಕೂತರು. ತೋಟದವನು ಹಲ್ಲು ಕಿರಿಯುತ್ತ ನಿಂತಿದ್ದ.

ನಾನು ಹೇಳಲಿಲ್ಲ. ಒಂದು ಬೆಳೆ ಕಳೆಯಿತು, ಎರಡು, ಮೂರು. ಆ ಮೂರು ಬೆಳೆಯಲ್ಲಿ ಅವರು ನನ್ನನ್ನು ಎಲ್ಲಿ ಕಂಡರೂ ಕೇಳುತ್ತಿದ್ದದ್ದು ಒಂದೇ ಮಾತು. ಹಾಲಿನ ಡೇರಿಯ ಮುಂದೆ, ರಾಗಿ ಮಿಲ್ಲಿನಲ್ಲಿ, ಬಸ್ಸಿನಲ್ಲಿ ನಾಲ್ಕು ಸೀಟು ಹಿಂದಿನಿಂದ: "ಹೇಳ್ದೇನಯ್ಯಾ?" ಕೇಳಿಸಿಕೊಂಡವರು ಯಾವುದೋ ಹೆಣ್ಣು ಗಂಡಿನ ಸಂಬಂಧದ ವಿಚಾರ ಅಂದುಕೊಂಡರು. ಅವರನ್ನು ದೂರದಲ್ಲಿ ಕಂಡರೆ ನಾನು ಓಣಿ ಬದಲಿಸುವುದಕ್ಕೆ ಶುರು ಮಾಡಿದೆ. ಮೊದಲು ಅಪ್ಪನ ಹೆಸರಿನಲ್ಲಿ ದ್ವೇಷಿಸುತ್ತಿದ್ದೆ. ಈಗ ಸ್ವಂತಕ್ಕೇ ದ್ವೇಷಿಸಿದೆ. ತಪ್ಪು ಮಾಡಿದವನಿಗೆ ತಪ್ಪು ಗೊತ್ತಿರುವವನಷ್ಟು ದೊಡ್ಡ ಶತ್ರು ಇಲ್ಲ. ಅಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತ್ತು. ಗೋಡೆಯಾಚೆ ಪಿಟೀಲು ಕೇಳುತ್ತಿದ್ದ ಕಡೆಯಿಂದ ಈಗ ಕೆಮ್ಮು ಕೇಳುತ್ತಿತ್ತು.

ಒಂದು ಸಂಜೆ ಸರೋಜಕ್ಕ ನಮ್ಮ ಹಿತ್ತಲಿಗೆ ಬಂದರು. ನಾನು ಒಳಗೆ ಸೊಪ್ಪು ಹೆಚ್ಚುತ್ತಿದ್ದೆ.

"ಜಯಾ, ಡಾಕ್ಟ್ರು ಧೂಳ್ಗೆ ಹೋಗ್ಬೇಡಿ ಅಂದವ್ರೆ. ಇವ್ರು ಕೇಳಾಕಿಲ್ಲ, ಅದಿಲ್ದೆ ಇರಾಕಿಲ್ಲ. ಒಂದರ್ಧ ಗಂಟೆ ಮನೇಲೇ ಬಾರ್ಸ್ಕಳ್ಳಿ ಅಂತ ನಿಮ್ಮೆಜಮಾನ್ರು ಒಂದು ಮಾತಂದ್ರೆ ಸಾಕು. ಕದ ಕಿಟ್ಕಿ ಎಲ್ಲ ಮುಚ್ಚಿಸ್ತೀನಿ."

ಕಿವಿಗೆ ಹತ್ತಿ ಇಟ್ಟುಕೊಂಡು ಓಡಿಬರುತ್ತಿದ್ದ ಹೆಂಗಸು ಇವರೇ.

ಜಯಮ್ಮ ಒಳ್ಳೆಯವಳು. ಆದರೆ ಅವಳು ಕಣ್ಣಾರೆ ಕಂಡಿದ್ದು ಸತ್ತ ಹುಳ, ಕಿವಿಯಾರೆ ಕೇಳಿದ್ದು ನನ್ನ ಮಾತು. "ನಿಮ್ಮೆಜಮಾನ್ರ ಕೆಮ್ಮು ಔಷ್ದಿಗೆ ಹೋಯ್ತದೆ ಸರೋಜಕ್ಕ. ನಮ್ಮ ಬೆಳೆ ಹೋದ್ರೆ ಯಾವ ಔಷ್ದಿ ಕೊಡ್ತೀರಿ? ಎದ್ದೋಗಿ ಸುಮ್ನೆ," ಅಂದಳು.

ಸರೋಜಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡು ಹೋದರು. ನಾನು ಕತ್ತಿ ಕೆಳಗಿಟ್ಟು ಹಿತ್ತಲಿಗೆ ಬಂದು ಹೆಂಡತಿಗೆ ಹೇಳಿಬಿಟ್ಟೆ. ಕ್ರಷರ್ ತೋಟ, ಕೆರೆಯ ನೀರು, ಎಲ್ಲ. ಅವಳು ಸೊಪ್ಪಿನ ಕುಕ್ಕೆ ಎತ್ತಿ ನನ್ನ ಎದೆಗೆ ಎಸೆದಳು.

"ಇಬ್ಬನಿ ಅಂದೆಯಲ್ಲೋ! ನನ್ನ ಬಾಯಲ್ಲೂ ಅದನ್ನೇ ಹೇಳಿಸ್ದೆಯಲ್ಲೋ!"

ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.

ಮಾರನೇ ಬೆಳಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದವರು ಇಪ್ಪತ್ತು ಜನ ಇದ್ದರು. ದೊಡ್ಡಪ್ಪ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನು ನಿಂತು ಎಲ್ಲ ಹೇಳಿದೆ. ಆಮೇಲೆ ದೊಡ್ಡಪ್ಪ ಪಕ್ಕಕ್ಕೆ ಉಗಿದು ಅಂದರು:

"ಗೊತ್ತು ಕುಂತ್ಕಳ್ಳಾ."

"ಏನು ಗೊತ್ತು?"

"ಸೊಪ್ಪಿನ ಮ್ಯಾಲೆ ಬೂದಿ ಕುಂತಿದ್ದು ನಂಗೆ ಕಾಣ್ನಿಲ್ವಾ? ಅರವತ್ತು ವರ್ಷ ಹುಳ ಸಾಕಿವ್ನಿ ಕಣ್ಲಾ."

"ಮತ್ತೆ ಯಾಕೆ ಅವ್ರ ಮನೆ ಮುಂದಕ್ಕೆ ಬಂದೆ?"

"ಆ ಸದ್ದು ನಿಲ್ಬೇಕಿತ್ತು," ಅಂದರು ಸಮಾಧಾನವಾಗಿ. "ಎಂಗೆ ನಿಲ್ಸೋದು ಅಂತ ಗೊತ್ತಾಗ್ದೆ ಒದ್ದಾಡ್ತಿದ್ದೊ. ನೀನು ಒಳ್ಳೆ ಹೊತ್ನಾಗೆ ಸುಳ್ಳೇಳ್ದೆ."

ಎದುರುಮನೆಯವನು ಬಿದ್ದು ಬಿದ್ದು ನಕ್ಕ. "ನಾವೂ ಅವತ್ತೇ ಅಂದ್ಕಂಡೊ ಕಣಣ್ಣೋ, ಕ್ರಷರ್ ಸೊಪ್ಪು ಅಂತ. ಏನೋ, ಮುದುಕನ ಕಾಟ ತಪ್ತಲ್ಲ ಅಂತ ಸುಮ್ಕಿದ್ದೊ." ಕ್ಯಾನು ಹಿಡಿದವರೆಲ್ಲ ನಕ್ಕರು. ಯಾರಿಗೂ ಗುಟ್ಟಾಗಿರದ ಒಂದು ಗುಟ್ಟನ್ನು ನಾನು ಮೂರು ಬೆಳೆ ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗಿದ್ದೆ. ಅವಮಾನಕ್ಕಿಂತ ಹೆಚ್ಚಾಗಿ ನನಗೆ ಅವತ್ತು ಊರಿನ ಮೇಲೆ ಹುಟ್ಟಿದ ಹೇಸಿಗೆ ಇದೆಯಲ್ಲ, ಅದು ಇನ್ನೂ ಪೂರ್ತಿ ಹೋಗಿಲ್ಲ. ನನ್ನ ಮೇಲೂ ಸೇರಿ.

ಅಲ್ಲಿಂದ ನೆಟ್ಟಗೆ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ.

"ಹೇಳ್ದೆ ಸಾ. ಎಲ್ರ ಮುಂದೆ."

"ಕೇಳಿಸ್ತು. ನಗೋದೂ ಕೇಳಿಸ್ತು." ಪೇಪರು ಮಡಚಿದರು. "ಮೂರು ಬೆಳೆ ತಡ."

"ತಪ್ಪಾಯ್ತು ಸಾ."

"ಮೂರು ಗಂಟೆಗೆ ಬಾ. ದಂಡ ಕಟ್ಟುವಂತೆ."

ಮೂರಕ್ಕೆ ಹೋದೆ. ನಡುಮನೆಯಲ್ಲಿ ಚಾಪೆ ಹಾಕಿತ್ತು. ಬೀದಿ ಕಡೆಯ ಎರಡು ಕಿಟಕಿಯನ್ನೂ ತಾವೇ ಎದ್ದು ಅಗಲ ತೆರೆದರು. ಕಮಾನಿಗೆ ರಾಳ ಉಜ್ಜಿದರು, ಕೆಮ್ಮಿದರು, ಕಾಲಿನ ಕೆಳಗೆ ದಿಂಬು ಸರಿಮಾಡಿಕೊಂಡರು. "ಕುಂತ್ಕೊ. ಪೂರ್ತಿ ಕೇಳ್ಬೇಕು. ಮಧ್ಯದಲ್ಲಿ ಎದ್ರೆ ಮತ್ತೆ ಮೊದ್ಲಿಂದ."

ಮೊದಲ ಪಾಠದ ಸರಳೆಯಿಂದ ಹಿಡಿದರು. ಸುಳ್ಳು ಬರೆಯಲಾರೆ, ಚೆನ್ನಾಗಿರಲಿಲ್ಲ. ಆರೇಳು ತಿಂಗಳು ಕ್ರಷರ್ ಸದ್ದಿನಲ್ಲಿ ನುಡಿಸಿ ಕೈ ಒರಟಾಗಿತ್ತು. ಆದರೆ ಅವತ್ತು ನಾನು ಗೋಡೆಯಾಚೆ ಇರಲಿಲ್ಲ, ಎದುರಿಗೇ ಇದ್ದೆ. ಮೇಲಕ್ಕೆ ಹತ್ತುವಾಗ ಅವರ ಹುಬ್ಬು ಒಟ್ಟಿಗೆ ಹತ್ತುತ್ತಿತ್ತು. ಒಂದು ಕಡೆ ಬೆರಳು ಜಾರಿತು. ತಕ್ಷಣ ನಿಲ್ಲಿಸಿ, ಕಣ್ಣು ಅರಳಿಸಿ, "ತಪ್ಪು!" ಅಂದರು, ಕಡಲೆಕಾಯಿಯ ರಾಶಿಯಲ್ಲಿ ಬೆಲ್ಲದ ಚೂರು ಸಿಕ್ಕಿದವರ ಹಾಗೆ. ಮತ್ತೆ ಮೊದಲಿಂದ ಎತ್ತಿಕೊಂಡರು. ಅದೇ ಜಾಗಕ್ಕೆ ಬಂದು ಮತ್ತೆ ಜಾರಿತು. "ತಪ್ಪು!" ಐದನೇ ಸಲಕ್ಕೆ ದಾಟಿದರು. ದಾಟಿದ ಮೇಲೆ ನನ್ನ ಕಡೆ ನೋಡಿದ ನೋಟದಲ್ಲಿ ಹಗೆ ಇರಲಿಲ್ಲ ಅಂದರೆ ಅದೂ ಸುಳ್ಳೇ. ಹಗೆ ಇತ್ತು. ಆದರೆ ಆ ಹೊತ್ತಿಗೆ ಅವರಿಗೆ ಅದರ ನೆನಪಿರಲಿಲ್ಲ.

ಬೀದಿಯಿಂದ ದೊಡ್ಡಪ್ಪನ ಕೂಗು ಬಂತು: "ಮತ್ತೆ ಸುರುವಾಯ್ತಲ್ಲಪ್ಪೋ ಈ ಶನಿ!"

ಅವರು ಕಮಾನನ್ನು ಇನ್ನಷ್ಟು ಒತ್ತಿ ಎಳೆದರು.

ಅಲ್ಲಿಂದಾಚೆ ಒಂದು ವರ್ಷಕ್ಕೂ ಹೆಚ್ಚು ಕಾಲ, ದಿನಾ ಮೂರಕ್ಕೆ, ಕಿಟಕಿ ತೆರೆದು ನುಡಿಸಿದರು. ಊರು ದಿನಾ ಬೈಯಿತು. ನಾನೂ ಎಷ್ಟೋ ಸಲ ಬೈದಿದ್ದೇನೆ, ಒಳಗೊಳಗೇ. ನನಗೂ ಅವರಿಗೂ ಸ್ನೇಹವೇನೂ ಬೆಳೆಯಲಿಲ್ಲ. 'ಹೇಳ್ದೇನಯ್ಯಾ' ನಿಂತಿತು, ಅಷ್ಟೇ. ಅದರ ಬದಲು ನಮ್ಮ ಹುಳದ ಮನೆಗೆ ಇಣುಕಿ, "ಬೇಸಿನ್ನು ನೀರು ಬದ್ಲಾಯ್ಸಿ ಎಷ್ಟು ದಿನ ಆಯ್ತು, ಸೋಂಬೇರಿ?" ಎನ್ನುವುದು ಶುರುವಾಯಿತು.

ಮಾಘ ಮಾಸದಲ್ಲಿ ಅವರು ತೀರಿಕೊಂಡರು. ನಮ್ಮ ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಊರಿನ ಅರ್ಧ ಮನೆಗಳಲ್ಲಿ ಹುಳ ಅದೇ ಹಂತದಲ್ಲಿತ್ತು. ಸಾವಿನ ಮನೆಯ ಮುಂದೆ ಸರೋಜಕ್ಕನ ಅಣ್ಣ, ಹುಳ ಸಾಕದ ಇಬ್ಬರು, ಕನಕಪುರದಿಂದ ಬಂದಿದ್ದ ಆ ಟೀಚರಮ್ಮ, ಇಷ್ಟೇ ಜನ. ಹೊರುವುದಕ್ಕೆ ಮೂರು ಹೆಗಲು ಇದ್ದವು. ನಾನು ಹೋಗಿ ನಾಲ್ಕನೆಯವನಾಗಿ ಹೆಗಲು ಕೊಟ್ಟೆ. ಓಣಿಯ ಬಾಗಿಲುಗಳಲ್ಲಿ ನಿಂತವರು ನೋಡಿದರು.

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ ಮನೆಗೆ ಬಂದಾಗ ಹುಳಕ್ಕೆ ಸೊಪ್ಪು ಹಾಕುವ ಹೊತ್ತು. ಹುಳದ ಮನೆಯ ಬಾಗಿಲಲ್ಲಿ ದೊಡ್ಡಪ್ಪ ಊರುಗೋಲು ಅಡ್ಡ ಹಿಡಿದು ನಿಂತಿದ್ದರು.

"ಮೂರು ದಿನ ಆಚೆಗಿರ್ಲಾ. ಜಯಮ್ಮ ನೋಡ್ಕತಾಳೆ."

ಜಯಮ್ಮ ಒಳಗಿನಿಂದ ಬಂದು ಬೇಸಿನ್ನಿನ ನೀರು ಚೆಲ್ಲಿದಳು. ಹೊಸ ನೀರು ಹಾಕಿ, ಬ್ಲೀಚಿಂಗ್ ಪೌಡರ್ ಕದಡಿ ನನ್ನ ಮುಂದೆ ಇಟ್ಟಳು. ನಾನು ಮೊಣಕೈ ತನಕ ತೊಳೆದುಕೊಂಡು, ಊರುಗೋಲಿನ ಕೆಳಗೆ ಬಗ್ಗಿ ಒಳಗೆ ಹೋಗಿ ಸೊಪ್ಪು ಹಾಕಿದೆ.

ಹನ್ನೊಂದನೇ ದಿನ ಅವರ ತಿಥಿ ಇತ್ತು. ಅವತ್ತೇ ಬೆಳಗ್ಗೆ ಗೂಡು ಬಿಡಿಸಿ ರಾಮನಗರದ ಗೂಡಿನ ಮಾರುಕಟ್ಟೆಗೆ ಕಳಿಸಿದೆವು. ಒಂದು ತಟ್ಟೆಯೂ ಕೆಟ್ಟಿರಲಿಲ್ಲ.